‘ನೆಗೆಟಿವ್’ ಎಂದು ಬರೆದವರು ಯಾರು, ಹೇಗೆ?

ಪ್ರಶ್ನೆ: ನಾನು ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಎರಡನೆಯ ವರ್ಷದ ವಿದ್ಯಾರ್ಥಿನಿ. ಹಾರ್ಮೋನು ಮತ್ತು ಕ್ಯಾನ್ಸರ್ ಕುರಿತು ಸಂಶೋಧನೆ ಮಾಡುವ ಆಸೆಯಿದೆ. ಕಳೆದ ವರ್ಷ ನನ್ನ ಚಿಕ್ಕಮ್ಮನಿಗೆ 41ನೆಯ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಬಂತು. ವರದಿಯಲ್ಲಿ ‘ಟ್ರಿಪಲ್ ನೆಗೆಟಿವ್’ ಎಂದಿತ್ತು. ಅದೇನೆಂದು ಹುಡುಕುತ್ತಾ ಹೋದಾಗ ಷಿಕಾಗೊದ ಡಾ. ಓಲುಫುನ್ಮಿಲಾಯೊ ಒಲೊಪಾಡೆ ಅವರ ಬಗ್ಗೆ ಓದಿದೆ. ಪ್ರಯೋಗಾಲಯದಲ್ಲಿ ವಂಶವಾಹಿಗಳನ್ನು ನೋಡುತ್ತಿದ್ದವರು ‘ಆರೋಗ್ಯ ಸಮತೆ’ಯ ಕಡೆಗೆ ಹೊರಳಿದ್ದೇಕೆ? ನಮ್ಮ ಮಾರ್ಗದರ್ಶಕರನ್ನು ಕೇಳಿದರೆ, ‘ಅದು ಸ್ವಯಂಸೇವಾ ಸಂಸ್ಥೆಯವರ ಕೆಲಸ, ನೀನು ವಿಜ್ಞಾನ ಮಾಡು’ ಎಂದರು. ಎರಡನ್ನೂ ಒಬ್ಬರೇ ಮಾಡಲು ಆಗುತ್ತದೆಯೇ? (ಹೆಸರು ಬೇಡ, ಧಾರವಾಡ)

ಉತ್ತರ: ಮೊದಲು ನಿಮ್ಮ ಚಿಕ್ಕಮ್ಮನವರ ವಿಷಯ. ಅವರ ಚಿಕಿತ್ಸೆ ಎಲ್ಲಿಗೆ ಬಂದಿದೆ ಎಂದು ನೀವು ಬರೆದಿಲ್ಲ. ಅವರಿಗೂ ನಿಮಗೂ ಬೇಕಾದ ಎರಡು ಮಾತುಗಳನ್ನು ಮುಂದೆ ಹೇಳುತ್ತೇನೆ, ಅವನ್ನು ಬಿಡದೆ ಓದಿ. ಇನ್ನು ನಿಮ್ಮ ಮಾರ್ಗದರ್ಶಕರ ವಿಷಯ. ಮೂವತ್ತು ವರ್ಷ ಹಾರ್ಮೋನ್ ರಿಸೆಪ್ಟರ್‌ಗಳ ಹಿಂದೆಯೇ ಓಡಾಡಿ ನಿವೃತ್ತನಾದ ನಾನೂ ಒಂದು ಕಾಲದಲ್ಲಿ ವಿದ್ಯಾರ್ಥಿಗಳಿಗೆ ಅದೇ ಮಾತನ್ನು ಹೇಳಿದ್ದೇನೆ. ಆ ಮಾತು ತಪ್ಪು ಎಂದು ನನಗೆ ಗೊತ್ತಾದದ್ದು ಯಾವ ಭಾಷಣದಿಂದಲೂ ಅಲ್ಲ, ಒಂದು ಪ್ಲಾಸ್ಟಿಕ್ ಡಬ್ಬಿಯಿಂದ. ಅದರ ಕಥೆಯನ್ನು ಹೇಳುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಾರ್ಮೋನಿಗೂ ಸ್ತನ ಕ್ಯಾನ್ಸರಿಗೂ ಸಂಬಂಧವಿದೆ ಎಂಬ ಸುಳಿವು ಸಿಕ್ಕಿದ್ದು ಕುರಿಹಟ್ಟಿಯ ಪಕ್ಕದಲ್ಲಿ. ಸ್ಕಾಟ್ಲೆಂಡಿನ ಜಾರ್ಜ್ ಬೀಟ್ಸನ್ ಎಂಬ ವೈದ್ಯ ತರುಣನಾಗಿದ್ದಾಗ ದೊಡ್ಡದೊಂದು ಕುರಿಸಾಕಣೆಯ ಹತ್ತಿರ ವಾಸವಾಗಿದ್ದ. ಹಾಲೂಡಿಸುವ ಕುರಿಗಳನ್ನು ನೋಡುತ್ತಲೇ ಹಾಲಿನ ಉತ್ಪತ್ತಿಯ ಮೇಲೆ ತನ್ನ ಪ್ರಬಂಧವನ್ನು ಬರೆದ. ಕೆಲವು ದೇಶಗಳಲ್ಲಿ ಹಸು ಹೆಚ್ಚು ಕಾಲ ಕರೆಯಲೆಂದು ರೈತರು ಅದರ ಅಂಡಾಶಯವನ್ನು ತೆಗೆಸುತ್ತಾರೆ ಎಂಬ ಸಂಗತಿ ಅವನ ತಲೆಯಲ್ಲಿ ಉಳಿಯಿತು. ಎಲ್ಲಿಯೋ ಇರುವ ಅಂಡಾಶಯ ಇನ್ನೆಲ್ಲಿಯೋ ಇರುವ ಕೆಚ್ಚಲನ್ನು ಹೇಗೆ ಆಳುತ್ತದೆ? ನರಗಳ ಮೂಲಕ ಎಂದು ಜನ ನಂಬಿದ್ದ ಕಾಲ ಅದು, ‘ಹಾರ್ಮೋನ್’ ಎಂಬ ಪದವೇ ಇನ್ನೂ ಹುಟ್ಟಿರಲಿಲ್ಲ. 1896ರಲ್ಲಿ ಬೀಟ್ಸನ್ ಒಂದು ವರದಿ ಪ್ರಕಟಿಸಿದ: ಸ್ತನ ಕ್ಯಾನ್ಸರ್ ಬಹಳ ಮುಂದುವರಿದಿದ್ದ ತರುಣಿಯೊಬ್ಬಳ ಅಂಡಾಶಯಗಳನ್ನು ತೆಗೆದಾಗ ಗಡ್ಡೆಗಳು ಕರಗಿದ್ದವು. ಆದರೆ ಎಲ್ಲರಿಗೂ ಹೀಗಾಗಲಿಲ್ಲ. ಈ ಶಸ್ತ್ರಚಿಕಿತ್ಸೆಯಿಂದ ಸುಮಾರು ಮೂವರಲ್ಲಿ ಒಬ್ಬರಿಗೆ ಮಾತ್ರ ಗುಣ ಕಂಡಿತು. ಉಳಿದ ಇಬ್ಬರು ಹೊಟ್ಟೆ ಕೊಯ್ಸಿಕೊಂಡದ್ದಷ್ಟೇ ಬಂತು. ಆ ಒಬ್ಬಳು ಯಾರು ಎಂದು ಮೊದಲೇ ತಿಳಿಯುವ ಉಪಾಯ ಅರುವತ್ತು ವರ್ಷಗಳಾದರೂ ಸಿಗಲಿಲ್ಲ.

ಅದು ಸಿಕ್ಕಿದ್ದು ಷಿಕಾಗೊ ವಿಶ್ವವಿದ್ಯಾಲಯದಲ್ಲಿ. ನೀವು ಹೆಸರಿಸಿದ ಒಲೊಪಾಡೆ ಅವರ ಮನೆಯಂಗಳವೂ ಅದೇ, ಅದಕ್ಕೇ ಈ ಹಳೆಯ ಕಥೆಯನ್ನು ತೆಗೆದಿದ್ದೇನೆ. ಅಲ್ಲಿನ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಗಂಡು ಹಾರ್ಮೋನಿನ ಊಟ ತಿಂದು ಬೆಳೆಯುತ್ತದೆ ಎಂದು ತೋರಿಸಿದರು, 1966ರಲ್ಲಿ ನೊಬೆಲ್ ಪಡೆದರು. ಅವರ ಪ್ರಯೋಗಾಲಯಕ್ಕೆ ಬಂದವರು ಎಲ್ವುಡ್ ಜೆನ್ಸನ್. ಮೂಲತಃ ರಸಾಯನಶಾಸ್ತ್ರಜ್ಞ, ಬಿಡುವಿನಲ್ಲಿ ಮ್ಯಾಟರ್‌ಹಾರ್ನ್ ಶಿಖರವನ್ನು ಹತ್ತಿಬಂದಿದ್ದ ಆಸಾಮಿ. ಅಂಡಾಶಯದಿಂದ ಬರುವ ಹೆಣ್ಣು ಹಾರ್ಮೋನಾದ ಈಸ್ಟ್ರೊಜೆನ್ ದೇಹದಲ್ಲಿ ರಾಸಾಯನಿಕವಾಗಿ ಬದಲಾಗಿ, ಆ ಬದಲಾವಣೆಯ ಮೂಲಕವೇ ಕೆಲಸ ಮಾಡುತ್ತದೆ ಎಂದು ಆಗಿನ ಪಂಡಿತರೆಲ್ಲ ಹೇಳುತ್ತಿದ್ದರು. ಜೆನ್ಸನ್ ತಲೆಕೆಳಗಾದ ಪ್ರಶ್ನೆ ಹಾಕಿಕೊಂಡರು. ಹಾರ್ಮೋನು ಅಂಗಾಂಶಕ್ಕೆ ಏನು ಮಾಡುತ್ತದೆ ಎಂದು ಎಲ್ಲರೂ ಕೇಳುತ್ತಿದ್ದಾರೆ. ಅಂಗಾಂಶ ಹಾರ್ಮೋನನ್ನು ಏನು ಮಾಡುತ್ತದೆ ಎಂದು ನೋಡೋಣ. ರಕ್ತದಲ್ಲಿರುವ ಈಸ್ಟ್ರೊಜೆನ್ ಪ್ರಮಾಣ ಅತ್ಯಲ್ಪ. ಅದನ್ನು ಹಿಂಬಾಲಿಸಲು ಅವರು ಅಣುವಿನಲ್ಲಿ ವಿಕಿರಣ ಸೂಸುವ ಹೈಡ್ರೋಜನ್, ಅಂದರೆ ಟ್ರಿಟಿಯಂ, ಸೇರಿಸಿದರು. ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿ ನೋಡಿದಾಗ, ಸ್ನಾಯು ಮೊದಲಾದ ಭಾಗಗಳಿಂದ ಹಾರ್ಮೋನು ಬೇಗನೆ ಹೊರಟುಹೋಗುತ್ತಿತ್ತು. ಗರ್ಭಕೋಶ ಮಾತ್ರ ಅದನ್ನು ಗಂಟೆಗಟ್ಟಲೆ ಹಿಡಿದಿಟ್ಟುಕೊಂಡಿತ್ತು. ಹಿಡಿದಿಟ್ಟುಕೊಂಡ ಅಣು ಒಂದಿಷ್ಟೂ ಬದಲಾಗಿರಲಿಲ್ಲ. ಹಾಗಾದರೆ ಅಲ್ಲಿ ಅದನ್ನು ಹಿಡಿಯುವ ಒಂದು ಕೈ ಇರಲೇಬೇಕು. ಅದೇ ಈಸ್ಟ್ರೊಜೆನ್ ರಿಸೆಪ್ಟರ್.

(ನಮ್ಮ ಪಠ್ಯಪುಸ್ತಕಗಳು ಇದನ್ನು ‘ಗ್ರಾಹಕ’ ಎನ್ನುತ್ತವೆ. ನನಗೆ ಆ ಪದ ಕೇಳಿದಾಗಲೆಲ್ಲ ಅಂಗಡಿಯ ಮುಂದೆ ಚೀಲ ಹಿಡಿದು ನಿಂತವರೇ ಕಣ್ಣಿಗೆ ಬರುತ್ತಾರೆ. ರಿಸೆಪ್ಟರ್ ಎಂದೇ ಬರೆಯುತ್ತೇನೆ.)

ಜೆನ್ಸನ್ ಇದನ್ನು 1958ರಲ್ಲಿ ವಿಯೆನ್ನಾದ ಸಮ್ಮೇಳನದಲ್ಲಿ ಹೇಳಿದಾಗ ಕೇಳಲು ಕುಳಿತಿದ್ದವರು ಐದೇ ಜನ, ಅವರಲ್ಲಿ ಮೂವರು ಅದೇ ಗೋಷ್ಠಿಯಲ್ಲಿ ಮಾತನಾಡಬೇಕಿದ್ದವರು ಎಂದು ಅವರೇ ನಗುತ್ತಾ ಹೇಳಿಕೊಳ್ಳುತ್ತಿದ್ದರಂತೆ. ನಂತರದ ವರ್ಷಗಳಲ್ಲಿ ಅವರೂ ಸಂಗಡಿಗರೂ ಸ್ತನದ ಗಡ್ಡೆಯಲ್ಲಿ ರಿಸೆಪ್ಟರ್ ಇದೆಯೇ ಎಂದು ಪರೀಕ್ಷಿಸುವ ವಿಧಾನವನ್ನು ರೂಪಿಸಿದರು. ರಿಸೆಪ್ಟರ್ ಇದ್ದರೆ ಹಾರ್ಮೋನನ್ನು ತಡೆಯುವ ಚಿಕಿತ್ಸೆ ಫಲಿಸುವ ಸಂಭವ ಹೆಚ್ಚು, ಇಲ್ಲದಿದ್ದರೆ ಆ ನೋವನ್ನು ಕೊಡುವುದೇ ಬೇಡ. ಅಷ್ಟರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ ಡೋರಾ ರಿಚರ್ಡ್‌ಸನ್ ಎಂಬ ರಸಾಯನಶಾಸ್ತ್ರಜ್ಞೆ 1962ರಲ್ಲಿ ಒಂದು ಅಣುವನ್ನು ತಯಾರಿಸಿದ್ದರು. ಗರ್ಭನಿರೋಧಕವಾಗಲಿ ಎಂದು ಮಾಡಿದ್ದು ಅದಕ್ಕೆ ಒದಗಲಿಲ್ಲ. ಬದಲಿಗೆ ಈಸ್ಟ್ರೊಜೆನ್ ಕೂರಬೇಕಾದ ಜಾಗದಲ್ಲಿ ತಾನೇ ಹೋಗಿ ಕುಳಿತು, ಗಡ್ಡೆಗೆ ಉಣಿಸು ತಪ್ಪಿಸುವ ಔಷಧಿಯಾಯಿತು. ಅದೇ ಟಾಮೋಕ್ಸಿಫೆನ್. ಕ್ರೇಗ್ ಜೋರ್ಡನ್ ಎಂಬವರು ಅದರ ಬೆನ್ನು ಹತ್ತಿ ತಮ್ಮ ಇಡೀ ಬಾಳನ್ನು ಸವೆಸಿದರು, 2024ರಲ್ಲಿ ತೀರಿಕೊಂಡರು. ರಿಸೆಪ್ಟರ್ ಇರುವವರು ಐದು ವರ್ಷ ಈ ಮಾತ್ರೆ ನುಂಗಿದರೆ ಮುಂದಿನ ಹದಿನೈದು ವರ್ಷಗಳಲ್ಲಿ ಸ್ತನ ಕ್ಯಾನ್ಸರಿನಿಂದ ಸಾಯುವ ಸಂಭವ ಸುಮಾರು ಮೂರನೆಯ ಒಂದರಷ್ಟು ಇಳಿಯುತ್ತದೆ. ಪೇಟೆಂಟ್ ಮುಗಿದು ಎಷ್ಟೋ ಕಾಲವಾದ, ಇಂದು ಕೆಲವೇ ರೂಪಾಯಿಗೆ ಸಿಗುವ ಮಾತ್ರೆ ಇದು.

ಅಂದರೆ, ಪರೀಕ್ಷೆಯಲ್ಲಿ ರಿಸೆಪ್ಟರ್ ಇರುವ ಕಡೆ ಮಾತ್ರ ಮೂಡುವ ಕಂದು ಬಣ್ಣವನ್ನು ಒಂದು ಗಡ್ಡೆಯ ಚೂರು ಹಿಡಿಯಿತೋ ಇಲ್ಲವೋ ಎಂಬುದರ ಮೇಲೆ ಒಬ್ಬ ಹೆಂಗಸಿಗೆ ಈ ಅಗ್ಗದ ಮಾತ್ರೆ ಸಿಗುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುತ್ತದೆ. ಈಸ್ಟ್ರೊಜೆನ್ ರಿಸೆಪ್ಟರ್, ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನಿನ ರಿಸೆಪ್ಟರ್, ಗಡ್ಡೆಯ ಬೆಳವಣಿಗೆಗೆ ಕುಮ್ಮಕ್ಕು ಕೊಡುವ ಹರ್2 ಎಂಬ ಪ್ರೋಟೀನಿನ ಅತಿರೇಕ, ಈ ಮೂರೂ ಇಲ್ಲವೆಂದಾದರೆ ‘ಟ್ರಿಪಲ್ ನೆಗೆಟಿವ್’. ಗಮನಿಸಿ, ಈ ಹೆಸರು ಆ ರೋಗದಲ್ಲಿ ಏನಿದೆ ಎಂದು ಹೇಳುವುದೇ ಇಲ್ಲ. ನಾವು ಹುಡುಕಿದ್ದು ಇಲ್ಲ ಎಂದಷ್ಟೇ ಹೇಳುತ್ತದೆ. ಮನೆಗೆ ಬಂದವರನ್ನು ‘ಇವರು ಭಾವ ಅಲ್ಲ, ಮಾವ ಅಲ್ಲ, ಮೈದುನ ಅಲ್ಲ’ ಎಂದು ಪರಿಚಯಿಸಿದ ಹಾಗೆ.

ಒಲೊಪಾಡೆ ಇಲ್ಲಿ ಬರುತ್ತಾರೆ. 1957ರಲ್ಲಿ ನೈಜೀರಿಯಾದಲ್ಲಿ ಪಾದ್ರಿಯೊಬ್ಬರ ಮಗಳಾಗಿ ಹುಟ್ಟಿ, 1980ರಲ್ಲಿ ಇಬಾದಾನ್ ವಿಶ್ವವಿದ್ಯಾಲಯದಲ್ಲಿ ವೈದ್ಯಪದವಿ ಪಡೆದವರು. ಷಿಕಾಗೊಕ್ಕೆ ಬಂದಾಗ ಮೊದಲು ತರಬೇತಿ ಪಡೆದದ್ದು ಕುಕ್ ಕೌಂಟಿ ಆಸ್ಪತ್ರೆಯಲ್ಲಿ. ವಿಮೆಯಿಲ್ಲದವರು, ಕೈಯಲ್ಲಿ ಕಾಸಿಲ್ಲದವರು ಕೊನೆಗೆ ಹೋಗಿ ಬೀಳುವ ಸರಕಾರಿ ಆಸ್ಪತ್ರೆ ಅದು. ಆಮೇಲೆ ವಿಶ್ವವಿದ್ಯಾಲಯದಲ್ಲಿ ಜಾನೆಟ್ ರೌಲಿ ಅವರ ಗರಡಿಗೆ ಸೇರಿದರು. ಕ್ರೋಮೊಸೋಮುಗಳು ತುಂಡಾಗಿ ಅದಲುಬದಲಾದರೆ ರಕ್ತದ ಕ್ಯಾನ್ಸರ್ ಹುಟ್ಟುತ್ತದೆ ಎಂದು ತೋರಿಸಿಕೊಟ್ಟವರು ರೌಲಿ. ಒಲೊಪಾಡೆ ಅಲ್ಲಿ ಮಾಡಿದ್ದು ಅಪ್ಪಟ ಪ್ರಯೋಗಾಲಯದ ಕೆಲಸ: ಒಂಬತ್ತನೆಯ ಕ್ರೋಮೊಸೋಮಿನ ಒಂದು ತುಂಡು ಕ್ಯಾನ್ಸರಿನಲ್ಲಿ ಏಕೆ ಕಳೆದುಹೋಗುತ್ತದೆ, ಅದರೊಂದಿಗೆ ಯಾವ ವಂಶವಾಹಿ ಹೋಗುತ್ತದೆ ಎಂಬ ಹುಡುಕಾಟ. ನಿಮ್ಮ ಮಾರ್ಗದರ್ಶಕರು ಮೆಚ್ಚುವಂಥ ವಿಜ್ಞಾನ.

1992ರಲ್ಲಿ ಅವರು ಕ್ಯಾನ್ಸರ್ ಬರುವ ಅಪಾಯವಿರುವ ಕುಟುಂಬಗಳಿಗಾಗಿ ಒಂದು ಕ್ಲಿನಿಕ್ ಆರಂಭಿಸಿದರು. ಮೊದಲ ಬಿಆರ್‌ಸಿಎ ವಂಶವಾಹಿ (ಇದರಲ್ಲಿ ದೋಷವಿದ್ದರೆ ಸ್ತನ ಕ್ಯಾನ್ಸರಿನ ಅಪಾಯ ಬಹಳ ಏರುತ್ತದೆ) ಯಾವುದೆಂದು ಖಚಿತವಾಗಲು ಇನ್ನೂ ಎರಡು ವರ್ಷಗಳಿದ್ದವು. ಆ ವಿಶ್ವವಿದ್ಯಾಲಯ ಇರುವುದು ಷಿಕಾಗೊದ ದಕ್ಷಿಣ ಭಾಗದಲ್ಲಿ, ಸುತ್ತಲೂ ಕಪ್ಪು ಜನರ ಬಡಾವಣೆಗಳು. ಕ್ಲಿನಿಕ್ಕಿಗೆ ಬರುತ್ತಿದ್ದ ಕಪ್ಪು ಹೆಂಗಸರಲ್ಲಿ ಮೂವತ್ತು, ನಲವತ್ತರ ವಯಸ್ಸಿನವರು ಎದ್ದು ಕಾಣುತ್ತಿದ್ದರು. ಗಡ್ಡೆ ಬೇಗ ಬೆಳೆಯುತ್ತಿತ್ತು, ಟಾಮೋಕ್ಸಿಫೆನ್‌ಗೆ ಬಗ್ಗುತ್ತಿರಲಿಲ್ಲ. ಆಗಿನ ಪಠ್ಯದಲ್ಲಿ ಸ್ತನ ಕ್ಯಾನ್ಸರ್ ಎಂದರೆ ಮುಟ್ಟು ನಿಂತ ಬಿಳಿಯ ಹೆಂಗಸಿನ ರೋಗ. ತಾಯ್ನಾಡಿಗೆ ಹೋದಾಗ ಒಲೊಪಾಡೆ ಅಲ್ಲಿನ ಆಸ್ಪತ್ರೆಗಳಲ್ಲಿಯೂ ಇಂಥ ಎಳೆಯ ವಯಸ್ಸಿನ ರೋಗಿಗಳನ್ನೇ ಕಂಡರು. ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಒಂದೇ ಚಹರೆ. ಗುಲಾಮರ ಹಡಗುಗಳಲ್ಲಿ ಅಮೆರಿಕಕ್ಕೆ ಸಾಗಿಸಲ್ಪಟ್ಟವರ ಪೂರ್ವಿಕರ ನೆಲ ಬಹುಪಾಲು ಆಫ್ರಿಕದ ಪಶ್ಚಿಮ ಭಾಗವೇ ಅಲ್ಲವೇ?

2009ರಲ್ಲಿ ಅವರ ತಂಡ ನೈಜೀರಿಯಾ ಮತ್ತು ಸೆನೆಗಲ್‌ನ 507 ರೋಗಿಗಳ ಗಡ್ಡೆಗಳ ವಿವರ ಪ್ರಕಟಿಸಿತು. ರೋಗಿಗಳ ಸರಾಸರಿ ವಯಸ್ಸು ಸುಮಾರು 45. ಈಸ್ಟ್ರೊಜೆನ್ ರಿಸೆಪ್ಟರ್ ಕಂಡದ್ದು ಹೆಚ್ಚೂಕಡಿಮೆ ನಾಲ್ವರಲ್ಲಿ ಒಬ್ಬರಿಗೆ. ಪಶ್ಚಿಮದ ದೇಶಗಳಲ್ಲಿ ನಾಲ್ವರಲ್ಲಿ ಮೂವರಿಗೆ ಕಾಣುವಂಥದ್ದು ಇದು. ಇದಕ್ಕೂ ಮೂರು ವರ್ಷ ಮೊದಲು ಅಮೆರಿಕದ ನಾರ್ತ್ ಕೆರೊಲಿನಾದ ಅಧ್ಯಯನವೊಂದು ಮುಟ್ಟು ನಿಲ್ಲದ ಕಪ್ಪು ಹೆಂಗಸರ ಗಡ್ಡೆಗಳಲ್ಲಿ ಶೇ. 39ರಷ್ಟು ‘ಬೇಸಲ್’ ಎಂಬ, ಬಹುಪಾಲು ಟ್ರಿಪಲ್ ನೆಗೆಟಿವ್ ಆಗಿರುವ ಉಗ್ರ ಬಗೆಯವು, ಬಿಳಿಯರು ಮತ್ತು ಇತರರಲ್ಲಿ ಅದು ಶೇ. 16 ಎಂದು ಹೇಳಿತ್ತು. ಇವನ್ನು ಓದಿದ ಯಾರಿಗಾದರೂ ಅನ್ನಿಸುವುದು ಒಂದೇ: ಇದು ರಕ್ತದಲ್ಲಿ ಬಂದದ್ದು, ವಂಶವಾಹಿಯ ಆಟ.

ನನಗೂ ಹಾಗೆಯೇ ಅನ್ನಿಸಿತ್ತು. ಇನ್ನು ಆ ಪ್ಲಾಸ್ಟಿಕ್ ಡಬ್ಬಿಯ ಕಥೆ.

ನಾನು ಕೆಲಸ ಮಾಡುತ್ತಿದ್ದ ಪ್ರಯೋಗಾಲಯಕ್ಕೆ ಜಿಲ್ಲೆ, ತಾಲ್ಲೂಕುಗಳಿಂದ ರಿಸೆಪ್ಟರ್ ಪರೀಕ್ಷೆಗೆ ಗಡ್ಡೆಗಳು ಬರುತ್ತಿದ್ದವು. ಹೆಚ್ಚಾಗಿ ರೋಗಿಯ ಗಂಡನೋ ಮಗನೋ ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದ. ಒಮ್ಮೆ ಅಂಥದ್ದೊಂದು ಡಬ್ಬಿಯ ಮುಚ್ಚಳ ತೆಗೆದೆ. ಇಡೀ ಸ್ತನವನ್ನು ಕೊಯ್ಯದೆ ಹಾಗೆಯೇ ತುರುಕಿದ್ದರು, ಅಂಗಾಂಶ ಕೆಡದಂತೆ ಕಾಯುವ ಫಾರ್ಮಲಿನ್ ದ್ರವ ತಳದಲ್ಲಿ ಎರಡು ಬೆರಳಿನಷ್ಟಿತ್ತು. ಹೊರಗೆ ಗಟ್ಟಿಯಾಗಿದ್ದ ಅಂಗಾಂಶ ಒಳಗೆ ಕೊಳೆಯಲು ಶುರುವಾಗಿತ್ತು. ಪರೀಕ್ಷೆ ಮಾಡಿದೆವು. ಬಣ್ಣ ಹಿಡಿಯಲಿಲ್ಲ. ‘ನೆಗೆಟಿವ್’ ಎಂದು ಟೈಪ್ ಮಾಡಿ ಸಹಿ ಹಾಕಿದೆವು. ವಾರದ ನಂತರ ಹಿರಿಯ ಪೆಥಾಲಜಿಸ್ಟ್ ಒಬ್ಬರು ಆ ಗಾಜಿನ ಸ್ಲೈಡನ್ನು ಮತ್ತೆ ನೋಡಿ, ‘ಪಕ್ಕದಲ್ಲಿರುವ ಆರೋಗ್ಯವಂತ ಹಾಲಿನ ನಾಳಗಳೂ ಬಣ್ಣ ಹಿಡಿದಿಲ್ಲವಲ್ಲ! ಅವಕ್ಕೂ ರಿಸೆಪ್ಟರ್ ಇಲ್ಲವೋ?’ ಎಂದು ಕೇಳಿದರು. ನನಗೆ ನೆಲ ಕುಸಿದಂತಾಯಿತು. ಆರೋಗ್ಯವಂತ ನಾಳಗಳಲ್ಲಿ ರಿಸೆಪ್ಟರ್ ಇದ್ದೇ ಇರುತ್ತದೆ. ಅಲ್ಲಿಯೂ ಕಾಣಲಿಲ್ಲವೆಂದರೆ ಸತ್ತದ್ದು ಪರೀಕ್ಷೆ. ಬೇರೊಂದು ಚೂರಿನಲ್ಲಿ ಮತ್ತೆ ಮಾಡಿದಾಗ ಬಣ್ಣ ಕಂಡಿತು. ಆ ಹೆಂಗಸಿಗೆ ಮಾತ್ರೆ ಸಿಕ್ಕಿತು. ಅದಕ್ಕೂ ಮೊದಲಿನ ವರ್ಷಗಳಲ್ಲಿ ನಾನು ಸಹಿ ಹಾಕಿದ ‘ನೆಗೆಟಿವ್’ಗಳಲ್ಲಿ ಎಷ್ಟು ನಿಜ ಎಂಬ ಪ್ರಶ್ನೆ ಈಗಲೂ ಕೆಲವು ರಾತ್ರಿ ಎಬ್ಬಿಸುತ್ತದೆ.

ರಿಸೆಪ್ಟರ್ ಎಂಬುದು ಪ್ರೋಟೀನು. ದೇಹದಿಂದ ಹೊರಬಂದ ಗಳಿಗೆಯಿಂದ ಅದು ಕೆಡತೊಡಗುತ್ತದೆ. ಒಂದು ಗಂಟೆಯೊಳಗೆ ಅಂಗಾಂಶವನ್ನು ಸೀಳಿ ಶೇ. 10ರ ತಟಸ್ಥ ಫಾರ್ಮಲಿನ್‌ನಲ್ಲಿ ಮುಳುಗಿಸಬೇಕು, ಆರು ಗಂಟೆಗಿಂತ ಕಡಿಮೆ ಅಥವಾ 72 ಗಂಟೆಗಿಂತ ಹೆಚ್ಚು ಇಡಬಾರದು ಎಂದು ಅಂತರರಾಷ್ಟ್ರೀಯ ನಿಯಮ ಹೇಳುತ್ತದೆ. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಕರೆಂಟು ಹೋದರೆ, ಆಯಾ ಊಟಕ್ಕೆ ಹೋದರೆ, ಶನಿವಾರ ಸಂಜೆ ಶಸ್ತ್ರಚಿಕಿತ್ಸೆಯಾಗಿ ಸೋಮವಾರ ಡಬ್ಬಿ ತೆರೆದರೆ, ಒಬ್ಬಳ ಕ್ಯಾನ್ಸರಿನ ಜಾತಿಯೇ ಬದಲಾಗುತ್ತದೆ. ಭಾರತದಿಂದ ಬಂದ ಹಳೆಯ ವರದಿಗಳಲ್ಲಿ ರಿಸೆಪ್ಟರ್ ಇರುವವರು ಸುಮಾರು ಮೂರನೆಯ ಒಂದು ಭಾಗ ಎಂದಿರುತ್ತಿತ್ತು. ವಿಧಾನ ಸುಧಾರಿಸಿದ ಮೇಲೆ ದೊಡ್ಡ ಆಸ್ಪತ್ರೆಗಳಲ್ಲಿ ಅದು ಅರ್ಧವನ್ನು ದಾಟಿತು. ಅದರ ಮೇಲೆ ಗೆರೆಯ ಪ್ರಶ್ನೆಯೂ ಇದೆ. ನೂರರಲ್ಲಿ ಹತ್ತು ಜೀವಕೋಶಗಳಾದರೂ ಬಣ್ಣ ಹಿಡಿದರೆ ‘ಪಾಸಿಟಿವ್’ ಎನ್ನುವುದು ಬಹಳಷ್ಟು ಕಡೆ ವಾಡಿಕೆಯಾಗಿತ್ತು. 2010ರಲ್ಲಿ ಅಮೆರಿಕದ ತಜ್ಞಸಂಘಗಳು ಅದನ್ನು ಒಂದಕ್ಕೆ ಇಳಿಸಿದವು. ರಾತ್ರಿ ಬೆಳಗಾಗುವುದರಲ್ಲಿ ಕೆಲವರ ರೋಗದ ಹೆಸರು ಬೇರೆಯಾಯಿತು.

ಹಾಗೆಂದು ಪಶ್ಚಿಮ ಆಫ್ರಿಕದಲ್ಲಿ ಟ್ರಿಪಲ್ ನೆಗೆಟಿವ್ ಹೆಚ್ಚಿರುವುದೆಲ್ಲ ಡಬ್ಬಿಯ ದೋಷ ಎಂದು ನಾನು ಹೇಳುವುದಿಲ್ಲ. ಲೀಸಾ ನ್ಯೂಮನ್ ಎಂಬ ಅಮೆರಿಕದ ಶಸ್ತ್ರವೈದ್ಯೆ ಘಾನಾ ಮತ್ತು ಇಥಿಯೋಪಿಯಾಗಳ ಗಡ್ಡೆಗಳನ್ನು ಹೋಲಿಸಿ ನೋಡಿದ್ದಾರೆ. ಪಶ್ಚಿಮದ ಘಾನಾದಲ್ಲಿ ಅರ್ಧಕ್ಕಿಂತ ಹೆಚ್ಚು ಟ್ರಿಪಲ್ ನೆಗೆಟಿವ್, ಪೂರ್ವದ ಇಥಿಯೋಪಿಯಾದಲ್ಲಿ ಶೇ. 15ರ ಆಸುಪಾಸು. ಎರಡೂ ಬಡದೇಶಗಳೇ. ಹಾಗಾಗಿ ವಂಶಾವಳಿಯ ಪಾತ್ರ ಇದ್ದೇ ಇದೆ. ‘ಆಫ್ರಿಕದವರು’ ಎಂದು ಒಂದೇ ಗೋಣಿಚೀಲಕ್ಕೆ ತುಂಬುವುದು ತಪ್ಪೆಂಬುದೂ ಇದರಿಂದಲೇ ತಿಳಿಯುತ್ತದೆ. ಒಲೊಪಾಡೆ ತಂಡ 2018ರಲ್ಲಿ 1,136 ನೈಜೀರಿಯನ್ ರೋಗಿಗಳ ವಂಶವಾಹಿಗಳನ್ನು ಓದಿದಾಗ, ಸುಮಾರು ಶೇ. 7ರಷ್ಟು ಜನರಲ್ಲಿ ಬಿಆರ್‌ಸಿಎ1, ಶೇ. 4ರಷ್ಟು ಜನರಲ್ಲಿ ಬಿಆರ್‌ಸಿಎ2 ದೋಷ ಸಿಕ್ಕಿತು. ಬಹಳ ದೊಡ್ಡ ಪ್ರಮಾಣ. ಅಷ್ಟು ವರ್ಷ ಇದು ಯಾರಿಗೂ ಏಕೆ ಗೊತ್ತಿರಲಿಲ್ಲ? ಯಾರೂ ನೋಡಿರಲಿಲ್ಲ, ಅಷ್ಟೇ. 2016ರವರೆಗಿನ ಲೆಕ್ಕದಂತೆ ಇಡೀ ಜಿನೋಮನ್ನು, ಅಂದರೆ ಒಬ್ಬರ ಪೂರ್ತಿ ವಂಶವಾಹಿ ಬರಹವನ್ನು, ಜಾಲಾಡಿದ ಅಧ್ಯಯನಗಳಲ್ಲಿ ಪಾಲ್ಗೊಂಡವರ ಪೈಕಿ ಶೇ. 81ರಷ್ಟು ಜನ ಯುರೋಪ್ ಮೂಲದವರು. ಉಳಿದ ಲೋಕದವರು ಪರೀಕ್ಷೆ ಮಾಡಿಸಿಕೊಂಡರೆ ‘ಇದರ ಅರ್ಥ ಸ್ಪಷ್ಟವಿಲ್ಲ’ ಎಂಬ ಉತ್ತರವೇ ಹೆಚ್ಚಾಗಿ ಕೈಗೆ ಬರುತ್ತದೆ. ನಮ್ಮವರಿಗೂ ಇದೇ ಪಾಡು.

ಈಗ ಷಿಕಾಗೊದ್ದೇ ಇನ್ನೊಂದು ಲೆಕ್ಕ. ನಿಮ್ಮ ಮಾರ್ಗದರ್ಶಕರಿಗೆ ತೋರಿಸಬೇಕಾದದ್ದು ಇದನ್ನೇ. 1980ರಲ್ಲಿ ಆ ನಗರದ ಕಪ್ಪು ಮತ್ತು ಬಿಳಿ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಸಾವಿನ ಪ್ರಮಾಣ ಹೆಚ್ಚೂಕಡಿಮೆ ಒಂದೇ ಇತ್ತು. 2003ರ ಹೊತ್ತಿಗೆ ಕಪ್ಪು ಹೆಂಗಸರ ಸಾವಿನ ಪ್ರಮಾಣ ಬಿಳಿಯರದಕ್ಕಿಂತ ಶೇ. 68ರಷ್ಟು ಹೆಚ್ಚಾಗಿತ್ತು. ಇಪ್ಪತ್ತಮೂರು ವರ್ಷಗಳಲ್ಲಿ ಯಾರ ವಂಶವಾಹಿಯೂ ಬದಲಾಗುವುದಿಲ್ಲ! ಬದಲಾದದ್ದು ವೈದ್ಯವಿಜ್ಞಾನ. ಮ್ಯಾಮೊಗ್ರಫಿ ಬಂತು, ಟಾಮೋಕ್ಸಿಫೆನ್ ಬಂತು, ಒಳ್ಳೆಯ ಕಿಮೋಥೆರಪಿ ಬಂತು. ಬಿಳಿಯರ ಸಾವು ಇಳಿಯಿತು, ಕಪ್ಪು ಹೆಂಗಸರದು ಇದ್ದಲ್ಲೇ ಇತ್ತು. ಅವರ ಬಡಾವಣೆಗಳಲ್ಲಿ ಮ್ಯಾಮೊಗ್ರಫಿ ಯಂತ್ರಗಳು ಕಡಿಮೆ, ಇದ್ದಲ್ಲಿ ಚಿತ್ರ ಓದುವ ಪಳಗಿದ ಕಣ್ಣುಗಳು ಕಡಿಮೆ, ಅನುಮಾನ ಬಂದರೆ ಮುಂದಿನ ಹೆಜ್ಜೆಗೆ ತಿಂಗಳುಗಟ್ಟಲೆ ಕಾಯಬೇಕು. ಈ ಲೆಕ್ಕವನ್ನು ಹೊರತೆಗೆದವರಲ್ಲಿ ಕುಕ್ ಕೌಂಟಿ ಆಸ್ಪತ್ರೆಯಲ್ಲಿ ಬಹುಕಾಲ ದುಡಿದ ಡೇವಿಡ್ ಆನ್ಸೆಲ್ ಒಬ್ಬರು. 2007ರಲ್ಲಿ ನಗರದಲ್ಲಿ ಇದಕ್ಕೆಂದೇ ಒಂದು ಕಾರ್ಯಪಡೆ ಹುಟ್ಟಿತು, ಆಮೇಲೆ ಅಂತರ ಕುಗ್ಗತೊಡಗಿತು. ಇನ್ನೊಂದು ಸಂಗತಿ: ಟಾಮೋಕ್ಸಿಫೆನ್‌ಗೆ ಬಗ್ಗುವ, ‘ಒಳ್ಳೆಯ’ ಬಗೆಯ ಗಡ್ಡೆ ಇರುವವರಲ್ಲೂ ಅಮೆರಿಕದ ಕಪ್ಪು ಹೆಂಗಸರೇ ಹೆಚ್ಚು ಸಾಯುತ್ತಾರೆ. ಟ್ರಿಪಲ್ ನೆಗೆಟಿವ್ ಎಂಬ ಒಂದೇ ಕಾರಣದಿಂದ ಇದನ್ನು ಬಗೆಹರಿಸಲಾಗದು.

ಹಾಗಾದರೆ ಒಲೊಪಾಡೆ ವಿಜ್ಞಾನದಿಂದ ‘ಹೊರಳಿದರು’ ಎನ್ನಬಹುದೇ? ನನ್ನ ಲೆಕ್ಕದಲ್ಲಿ ಅವರು ಹೊರಳಲೇ ಇಲ್ಲ, ಒಂದೇ ಪ್ರಶ್ನೆಯ ಬೆನ್ನು ಬಿಡಲಿಲ್ಲ. ‘ಈ ಹೆಂಗಸರು ಏಕೆ ಬೇಗ ಸಾಯುತ್ತಿದ್ದಾರೆ’ ಎಂಬ ಪ್ರಶ್ನೆ ಕ್ರೋಮೊಸೋಮಿಗೆ ಕರೆದುಕೊಂಡು ಹೋದಾಗ ಅಲ್ಲಿಗೆ ಹೋದರು, ಇಬಾದಾನಿನ ಪೆಥಾಲಜಿ ಕೊಠಡಿಗೆ ಕರೆದಾಗ ಅಲ್ಲಿಗೆ, ಷಿಕಾಗೊದ ಬಡಾವಣೆಗಳಿಗೆ ಕರೆದಾಗ ಅಲ್ಲಿಗೆ. 2005ರಲ್ಲಿ ಮ್ಯಾಕ್‌ಆರ್ಥರ್ ಫೆಲೋಷಿಪ್ ಸಿಕ್ಕಿದ್ದೂ ಈ ಹೋಗಿಬರುವಿಕೆಗೇ ಎನ್ನಬಹುದು. ಅವರ ಕೆಲಸದಲ್ಲಿ ನನಗೆ ತಕರಾರಿಲ್ಲವೆಂದಲ್ಲ. ಅವರ ತಂಡ ವಂಶದಲ್ಲಿ ಅಪಾಯವಿರುವ 295 ಹೆಂಗಸರಿಗೆ ಆರು ತಿಂಗಳಿಗೊಮ್ಮೆ ಎಂಆರ್‌ಐ ಮಾಡಿ, ಕ್ಯಾನ್ಸರನ್ನು ಅದು ಹರಡುವ ಮೊದಲೇ ಹಿಡಿಯಬಹುದೆಂದು ತೋರಿಸಿತು. ಸೊಗಸಾದ ಕೆಲಸ. ಆದರೆ ಇಬಾದಾನಿನಲ್ಲಿ, ರಾಯಚೂರಿನಲ್ಲಿ, ಆರು ತಿಂಗಳಿಗೊಮ್ಮೆ ಎಂಆರ್‌ಐ ಯಾರಿಗೆ ಎಟಕುತ್ತದೆ? ಜಾಣ ಪರೀಕ್ಷೆ ಬಂದಷ್ಟೂ, ಅದು ಸಿಗುವವರಿಗೂ ಸಿಗದವರಿಗೂ ನಡುವಿನ ಬಿರುಕು ಅಗಲವಾಗುತ್ತದೆ ಎಂಬುದನ್ನು 1980ರ ನಂತರದ ಷಿಕಾಗೊ ಆಗಲೇ ತೋರಿಸಿಕೊಟ್ಟಿತ್ತು.

ನಮ್ಮ ದೇಶದಲ್ಲಿ ಈ ದಾರಿ ಹಿಡಿದವರು ಇಲ್ಲವೇ ಎಂದು ನೀವು ಕೇಳಿಲ್ಲ, ಕೇಳಬೇಕಿತ್ತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ರಾಜೇಂದ್ರ ಬಡ್ವೆ ಮತ್ತು ತಂಡ ಸಾವಿರ ಹೆಂಗಸರ ಮೇಲೆ ಒಂದು ಪ್ರಯೋಗ ನಡೆಸಿ 2011ರಲ್ಲಿ ಪ್ರಕಟಿಸಿತು. ಶಸ್ತ್ರಚಿಕಿತ್ಸೆಗೆ ಒಂದೆರಡು ವಾರ ಮೊದಲು ಪ್ರೊಜೆಸ್ಟರಾನ್ ಬಗೆಯ ಒಂದೇ ಒಂದು ಚುಚ್ಚುಮದ್ದು. ಎಲ್ಲರನ್ನೂ ಸೇರಿಸಿ ನೋಡಿದಾಗ ಲಾಭ ಖಚಿತವಾಗಲಿಲ್ಲ, ಕಂಕುಳಿನ ಗ್ರಂಥಿಗಳಿಗೆ ಕ್ಯಾನ್ಸರ್ ಹರಡಿದ್ದವರಲ್ಲಿ ಮಾತ್ರ ಲಾಭ ಕಂಡಿತು. ವಾದವಿವಾದ ಇನ್ನೂ ಇದೆ, ಇರಲಿ. ಇಷ್ಟು ಅಗ್ಗದ ಹಳೆಯ ಹಾರ್ಮೋನನ್ನು ಪರೀಕ್ಷಿಸಲು ಯಾವ ಔಷಧಿ ಕಂಪನಿಯೂ ಹಣ ಹಾಕುವುದಿಲ್ಲ. ಆ ಪ್ರಶ್ನೆ ಹುಟ್ಟಬೇಕಾದರೆ ವಾರ್ಡಿನ ಹೊರಗೆ ಚಾಪೆ ಹಾಸಿ ಮಲಗಿದ ಬಂಧುಗಳನ್ನು ದಿನವೂ ದಾಟಿಕೊಂಡು ಹೋಗುವ ವಿಜ್ಞಾನಿ ಬೇಕು. ಅದೇ ಆಸ್ಪತ್ರೆಯವರು ಮುಂಬಯಿಯ ಕೊಳೆಗೇರಿಗಳಲ್ಲಿ ಒಂದೂವರೆ ಲಕ್ಷ ಹೆಂಗಸರನ್ನು ಇಪ್ಪತ್ತು ವರ್ಷ ಹಿಂಬಾಲಿಸಿ, ತರಬೇತಾದ ಕಾರ್ಯಕರ್ತೆಯರ ಕೈಪರೀಕ್ಷೆಯಿಂದ ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಶೇ. 30ರಷ್ಟು ಇಳಿಯಿತು ಎಂದು 2021ರಲ್ಲಿ ವರದಿ ಮಾಡಿದರು. ನಲವತ್ತರ ಆಸುಪಾಸಿನವರಿಗೆ, ಅಂದರೆ ನಿಮ್ಮ ಚಿಕ್ಕಮ್ಮನ ವಯಸ್ಸಿನವರಿಗೆ, ಆ ಲಾಭ ಕಾಣಲಿಲ್ಲ. ಏಕೆ ಎಂಬುದು ಒಳ್ಳೆಯ ಪಿಎಚ್.ಡಿ. ವಿಷಯ.

ಭಾರತದ ವಿವಿಧ ಅಧ್ಯಯನಗಳನ್ನು ಒಟ್ಟುಗೂಡಿಸಿದರೆ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಹತ್ತಕ್ಕೆ ಸುಮಾರು ಮೂವರಿಗೆ ಟ್ರಿಪಲ್ ನೆಗೆಟಿವ್ ಎಂದಾಗುತ್ತದೆ. ಇದರಲ್ಲಿ ವಂಶವಾಹಿ ಎಷ್ಟು, ನಮ್ಮ ರೋಗಿಗಳು ಕಿರಿಯರಾಗಿರುವುದು ಎಷ್ಟು, ಫಾರ್ಮಲಿನ್ ಎಷ್ಟು? ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ನಗರದ ಜನಸಂಖ್ಯೆಯ ಕ್ಯಾನ್ಸರ್ ನೋಂದಣಿ ನಡೆದುಬಂದಿದೆ. ಯಾರಿಗೆ, ಯಾವ ವಯಸ್ಸಿನಲ್ಲಿ, ಎಲ್ಲಿಯ ಕ್ಯಾನ್ಸರ್ ಎಂಬ ನಾಲ್ಕು ದಶಕಗಳ ದಾಖಲೆ ಅದು. ಅಂಥ ದಾಖಲೆಯನ್ನು ಓದಲು ಕಲಿತ ಜೀವರಸಾಯನಶಾಸ್ತ್ರಜ್ಞರು ನಮ್ಮಲ್ಲಿ ಬೆರಳೆಣಿಕೆಯಷ್ಟು.

ನಿಮಗೆ ನನ್ನ ಸಲಹೆ ಹೀಗಿದೆ. ಪಿಎಚ್.ಡಿ.ಗೆ ಮೊದಲು ಆರು ತಿಂಗಳಾದರೂ ಒಂದು ಪೆಥಾಲಜಿ ವಿಭಾಗದಲ್ಲಿ ಕುಳಿತುಕೊಳ್ಳಿ. ಗಡ್ಡೆಯನ್ನು ಹೇಗೆ ಕೊಯ್ಯುತ್ತಾರೆ, ಅದರ ಚೂರನ್ನು ಮೇಣದಲ್ಲಿ ಹುದುಗಿಸಿ ಬ್ಲಾಕ್ ಹೇಗೆ ಮಾಡುತ್ತಾರೆ, ಬಣ್ಣ ಯಾವಾಗ ಕೈಕೊಡುತ್ತದೆ ಎಂದು ಕಣ್ಣಾರೆ ನೋಡಿ. ಸಂಖ್ಯಾಶಾಸ್ತ್ರವನ್ನು ಹೆದರದೆ ಕಲಿಯಿರಿ. ನಮ್ಮ ತಲೆಮಾರಿನ ಜೀವವಿಜ್ಞಾನಿಗಳು ಅದನ್ನು ಕಂಡರೆ ಓಡುತ್ತಿದ್ದೆವು, ಅದರ ಫಲವನ್ನು ಮೇಲೆ ಓದಿದಿರಿ. ಮಾರ್ಗದರ್ಶಕರೊಂದಿಗೆ ಜಗಳ ಬೇಡ. ‘ಆರೋಗ್ಯ ಸಮತೆ’ ಎಂಬ ಪದವನ್ನೇ ಎತ್ತದೆ, ‘ಅಂಗಾಂಶ ಸಂರಕ್ಷಣೆಯ ವಿಳಂಬ ಮತ್ತು ಈಸ್ಟ್ರೊಜೆನ್ ರಿಸೆಪ್ಟರಿನ ಸ್ಥಿರತೆ’ ಎಂಬ ಶೀರ್ಷಿಕೆಯಲ್ಲಿ ಒಂದು ಪ್ರಸ್ತಾವ ಬರೆದು ಅವರ ಮುಂದಿಡಿ. ಅಚ್ಚುಕಟ್ಟಾದ ಜೀವರಸಾಯನಶಾಸ್ತ್ರವದು, ಅವರು ಬೇಡವೆನ್ನಲಾರರು. ಧಾರವಾಡದ ಸುತ್ತಲಿನ ನಾಲ್ಕು ಆಸ್ಪತ್ರೆಗಳಿಂದ ಡಬ್ಬಿಗಳು ಎಷ್ಟು ಹೊತ್ತಿಗೆ ಹೊರಟು ಎಷ್ಟು ಹೊತ್ತಿಗೆ ತಲುಪುತ್ತವೆ ಎಂದು ಬರೆದಿಟ್ಟುಕೊಂಡರೆ ಮೊದಲ ಅಧ್ಯಾಯ ಸಿದ್ಧ.

ಈಗ ಚಿಕ್ಕಮ್ಮನವರಿಗೆ ಎಂದು ಹೇಳಿದ್ದ ಎರಡು ಮಾತು. ಒಂದು, ವರದಿಯಲ್ಲಿ ‘ಇಂಟರ್ನಲ್ ಕಂಟ್ರೋಲ್’ ಎಂಬ ಸಾಲಿದೆಯೇ ನೋಡಿ. ಪಕ್ಕದ ಆರೋಗ್ಯವಂತ ನಾಳಗಳು ಬಣ್ಣ ಹಿಡಿದಿವೆ ಎಂದಿದ್ದರೆ ನೆಗೆಟಿವ್ ಎಂಬುದನ್ನು ನಂಬಬಹುದು. ಇಲ್ಲದಿದ್ದರೆ ಮೇಣದ ಬ್ಲಾಕ್ ಮತ್ತು ಸ್ಲೈಡುಗಳನ್ನು ಕೇಳಿ ಪಡೆದು, ದೊಡ್ಡ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ಮರುಪರೀಕ್ಷೆ ಮಾಡಿಸಿ. ಹಾಗೆಂದು ನಡೆಯುತ್ತಿರುವ ಕಿಮೋಥೆರಪಿಯನ್ನು ಇದಕ್ಕಾಗಿ ಒಂದು ದಿನವೂ ನಿಲ್ಲಿಸಬೇಡಿ. ಎರಡು, ಈ ವಯಸ್ಸಿನಲ್ಲಿ ಟ್ರಿಪಲ್ ನೆಗೆಟಿವ್ ಬಂದವರಿಗೆ ಬಿಆರ್‌ಸಿಎ ಪರೀಕ್ಷೆ ಮಾಡಿಸುವುದು ಸೂಕ್ತ. ದೋಷ ಸಿಕ್ಕರೆ ಅವರ ಮುಂದಿನ ಔಷಧಿಯ ಆಯ್ಕೆ ಬದಲಾಗಬಹುದು. ಚಿಕ್ಕಮ್ಮ ನಿಮ್ಮ ತಾಯಿಯ ತಂಗಿಯಾಗಿದ್ದರೆ, ತಾಯಿಗೂ ಅದು ಇರುವ ಸಂಭವ ಅರ್ಧದಷ್ಟು. ಆಮೇಲೆ ನಿಮ್ಮ ಮಾತು ಬರುತ್ತದೆ. ಮೊದಲು ಚಿಕ್ಕಮ್ಮನ ರಕ್ತ, ಅದರ ಫಲಿತಾಂಶ ಬಂದ ಮೇಲೆ ಉಳಿದವರದು, ಮತ್ತು ಎರಡೂ ಸಲ ತಳಿವಿಜ್ಞಾನ ಸಲಹೆಗಾರರ ಎದುರು ಕುಳಿತು ಮಾತನಾಡಿದ ಮೇಲೆ. ಅವರು ಒಪ್ಪದಿದ್ದರೆ ಒತ್ತಾಯ ಮಾಡಬೇಡಿ. ಬ್ಲಾಕ್ ಮಾತ್ರ ಇವತ್ತೇ ಹೋಗಿ ಕೇಳಿ. ಕೆಲವು ಆಸ್ಪತ್ರೆಗಳಲ್ಲಿ ವರ್ಷಗಳು ಕಳೆದರೆ ಅದನ್ನು ಇಟ್ಟಿರುವುದಿಲ್ಲ.